ಸಂದೂಕದಲ್ಲಿ ಹಳೇ ಬ್ಯಾಂಕ್ ನೋಟು ಸಿಕ್ಕರೆ

ಕಲಬುರಗಿ, ಬೀದರ್ ಕಡೆಯ ಹಳೇ ಅಡತ್ (ದಲ್ಲಾಳಿ) ಅಂಗಡಿಗಳ ವಹಿಗಳಲ್ಲಿ, ಅಂದರೆ ಲೆಕ್ಕದ ಪುಸ್ತಕಗಳಲ್ಲಿ, ನೋಟಿನಂಥ ಕಾಗದ ಸಿಕ್ಕರೆ ಮೊದಲು ಭಾಷೆ ನೋಡಿ. ಉರ್ದುವಿನ ಜೊತೆ ಕನ್ನಡ, ತೆಲುಗು, ಮರಾಠಿಯೂ ಇದ್ದರೆ ಅದು 1918ರ ನಂತರ ನಿಜಾಮ್ ಸರ್ಕಾರ ಹೊರಡಿಸಿದ ಉಸ್ಮಾನಿಯಾ ಸಿಕ್ಕಾ ನೋಟು, ಖಾಸಗಿ ಬ್ಯಾಂಕಿನದಲ್ಲ. ಕೊಡುವವನ ಹೆಸರು, ಮಿತಿ (ತಾರೀಖು), ಮುದ್ದತ್ತು (ಹಣ ಕೊಡಬೇಕಾದ ಗಡುವು) ಕೈಬರಹದಲ್ಲಿದ್ದರೆ ಅದು ಹುಂಡಿ, ಅಂದರೆ ಹಣ ಕೊಡಲು ವ್ಯಾಪಾರಿಗಳು ಬರೆಯುತ್ತಿದ್ದ ಚೀಟಿ.

ಬ್ಯಾಂಕ್ ಆಫ್ ಬೆಂಗಾಲ್ (1809ರಿಂದ ಈ ಹೆಸರು), ಬಾಂಬೆ (1840), ಮದ್ರಾಸ್ (1843) ಎಂದಿದ್ದರೂ ಅವಸರ ಬೇಡ. 1861ರ ಕಾಯ್ದೆ ನೋಟು ಹೊರಡಿಸುವ ಹಕ್ಕನ್ನು ಸರ್ಕಾರಕ್ಕೆ ಮೀಸಲಿಟ್ಟಿತು. ಬ್ಯಾಂಕುಗಳು ಮಾತ್ರ 1921ರವರೆಗೆ ನಡೆದವು. ಹಾಗಾಗಿ ನಿಮ್ಮ ಕೈಯಲ್ಲಿರುವುದು ಬರೀ ಚೆಕ್ಕೋ ರಸೀದಿಯೋ ಆಗಿರಬಹುದು. ನೋಟಾದರೆ ಕೇಳಿದ ಕೂಡಲೇ ಹಣ ಕೊಡುವ ವಾಗ್ದಾನ ಇರಬೇಕು, ತಾರೀಖು 1861ಕ್ಕಿಂತ ಈಚಿನದಾಗಿರಬಾರದು. ಮದ್ರಾಸ್ ಬ್ಯಾಂಕಿನ ನೋಟಿನಲ್ಲಿ ಮದ್ರಾಸ್ ಗವರ್ನರ್ ಆಗಿದ್ದ ಥಾಮಸ್ ಮನ್ರೋ ಚಿತ್ರ ಬರುತ್ತದೆ. ಬೆಂಗಾಲ್ ಬ್ಯಾಂಕಿನ ಮೊದಮೊದಲ ನೋಟುಗಳು ಒಂದೇ ಮಗ್ಗುಲಿಗೆ ಅಚ್ಚಾದವು; ಹಿಂಬದಿ ಖಾಲಿ ಎಂದು ನಕಲಿ ಅನ್ನಬೇಡಿ.

ನಕಲಿ ಹಿಡಿಯಲು 10 ಪಟ್ಟಿನ ಮಸೂರ ಸಾಕು. ಗೆರೆ ಒಡೆದು ಬಣ್ಣಬಣ್ಣದ ಚುಕ್ಕಿಗಳಾಗಿ ಕಂಡರೆ ಅದು ಈಗಿನ ಪ್ರಿಂಟರಿನದು. ಕತ್ತಲೆಯಲ್ಲಿ ಯುವಿ ಟಾರ್ಚ್ ಬಿಡಿ: ಹೊಳಪಿನ ರಾಸಾಯನಿಕ ಬೆರೆತ ಇತ್ತೀಚಿನ ಕಾಗದ ನೀಲಿಯಾಗಿ ಮಿಂಚುತ್ತದೆ, ಹಳೇ ಚಿಂದಿಬಟ್ಟೆಯ ಕಾಗದ ಮಂಕಾಗಿಯೇ ಇರುತ್ತದೆ. ಆದರೆ ಹಳೇ ವಹಿಯ ಖಾಲಿ ಹಾಳೆ ಮೇಲೆ ಅಚ್ಚು ಹಾಕಿದವರೂ ಇದ್ದಾರೆ, ಟಾರ್ಚ್ ಒಂದನ್ನೇ ನಂಬಬೇಡಿ. ಕೈಯಿಂದ ಮಾಡಿದ ಸಹಿಯ ಕಬ್ಬಿಣದ ಶಾಯಿ ಕಂದು ತಿರುಗಿ, ಹಿಂಬದಿಗೂ ತುಸು ಇಳಿದಿರುತ್ತದೆ.

ನಡುವೆ ಕತ್ತರಿಸಿ ಅಂಟಿಸಿದ ಗುರುತಿದ್ದರೆ ಬಿಡಿಸಬೇಡಿ. ಅಂಚೆಯಲ್ಲಿ ಕಳುವಾಗಬಾರದೆಂದು ಆಗ ನೋಟನ್ನು ಎರಡು ಮಾಡಿ ಬೇರೆ ಬೇರೆ ದಿನ ಕಳಿಸುತ್ತಿದ್ದರು. ಪಿನ್ನಿನ ತೂತೂ ಸಹಜ.

ಹೆಚ್ಚು ನೋಟು ಹಾಳಾಗುವುದು ಸಿಕ್ಕ ಮೇಲೆಯೇ. ಇಸ್ತ್ರಿ ಮಾಡಿದರೆ ಉಬ್ಬಚ್ಚು ಚಪ್ಪಟೆಯಾಗುತ್ತದೆ, ಒರೆಸಿದರೆ ಶಾಯಿ ಹರಡುತ್ತದೆ, ಸೆಲ್ಲೋಟೇಪಿನ ಅಂಟು ಹಳದಿ ಕಲೆಯಾಗಿ ಉಳಿಯುತ್ತದೆ. ಲ್ಯಾಮಿನೇಷನ್ ಮಾಡಿಸಿದರಂತೂ ಕತೆ ಮುಗಿದಂತೆ. ಮಡಿಕೆಯನ್ನು ಬಲವಂತವಾಗಿ ಬಿಚ್ಚದೆ ಎರಡು ಬಿಳಿ ಹಾಳೆಗಳ ನಡುವೆ, ಮೇಲೊಂದು ದಪ್ಪ ಪುಸ್ತಕವಿಟ್ಟು ವಾರ ಬಿಡಿ. ಆಮೇಲೆ ಪಾಲಿಯೆಸ್ಟರ್ ಕವರಿಗೆ ಹಾಕಿ. ಸುತ್ತಲೂ ಅರ್ಧ ಸೆಂ.ಮೀ. ಜಾಗವಿರಲಿ. ಅಗ್ಗದ ಪಿವಿಸಿ ಆಲ್ಬಂ ನಮ್ಮ ಮೇ ತಿಂಗಳ ಬಿಸಿಲಿಗೆ ಮೆದುವಾಗಿ ನೋಟಿಗೆ ಅಂಟಿಕೊಳ್ಳುತ್ತದೆ. ತಗಡಿನ ಮಾಳಿಗೆ ಬೇಡ, ನಡುಮನೆಯ ಅಲ್ಮೇರಾದ ಕೆಳಖಾನೆ ಒಳ್ಳೆಯದು.

ಮಾರುವುದಿದ್ದರೆ ಫ್ಲ್ಯಾಷ್ ಹಾಕದೆ, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಎರಡೂ ಮಗ್ಗುಲಿನ ಫೋಟೋ ತೆಗೆಯಿರಿ. ಲಕ್ಷ ಕೊಡುತ್ತೇವೆ, ಮೊದಲು ನೋಂದಣಿ ಶುಲ್ಕ ಕಟ್ಟಿ ಅಂದವರ ಫೋನ್ ಇಟ್ಟುಬಿಡಿ; ಹಳೇ ನೋಟಿನ ವ್ಯವಹಾರದಲ್ಲಿ ತಾನು ಯಾವ ಶುಲ್ಕವನ್ನೂ ಕೇಳುವುದಿಲ್ಲ ಎಂದು ರಿಸರ್ವ್ ಬ್ಯಾಂಕ್ 2021ರಲ್ಲೇ ಎಚ್ಚರಿಸಿದೆ.