ಮಲ್ಪೆ ಗಾಳಿಯಲ್ಲಿ ಸ್ಯಾಂಡ್‌ಬ್ಲಾಸ್ಟಿಂಗ್: ನನ್ನ ಅನುಭವ

ಅಜ್ಜಿಯ ಹೊಲಿಗೆ ಮೆಷಿನ್ ಯಾವಾಗಲೋ ಗುಜರಿಗೆ ಹೋಯಿತು. ಉಳಿದದ್ದು ಅದರ ಎರಕದ ಕಬ್ಬಿಣದ ಸ್ಟ್ಯಾಂಡ್ ಮಾತ್ರ. ನಮ್ಮ ಮನೆ ಮಲ್ಪೆಯಲ್ಲಿ, ಕಡಲಿಗೆ ಹತ್ತಿರ. ಇಲ್ಲಿ ಗೇಟಿನ ಚಿಲಕವೇ ಎರಡು ಮಳೆಗಾಲ ತಾಳುವುದಿಲ್ಲ, ಹಿತ್ತಲಲ್ಲಿ ಬಿದ್ದ ಸ್ಟ್ಯಾಂಡಿನ ಗತಿ ಕೇಳಬೇಕೇ? ಮೇಲೆ ಎರಡು ಮೂರು ಪದರ ಪೈಂಟ್, ಅಡಿಯಲ್ಲಿ ಹಕ್ಕಳೆ ಎದ್ದ ತುಕ್ಕು. ವೈರ್ ಬ್ರಷ್‌ನಲ್ಲಿ ಉಜ್ಜಿದೆ, ಗ್ರೈಂಡರಿಗೆ ಕಪ್ ಬ್ರಷ್ ಹಾಕಿ ನೋಡಿದೆ. ಬಳ್ಳಿ ಚಿತ್ತಾರದ ಸಂದಿಗೆ ಯಾವುದೂ ಇಳಿಯಲಿಲ್ಲ.

ಇನ್ನುಳಿದದ್ದು ಸ್ಯಾಂಡ್‌ಬ್ಲಾಸ್ಟಿಂಗ್, ಅಂದರೆ ಗಾಳಿಯ ಒತ್ತಡದಲ್ಲಿ ಗಟ್ಟಿ ಪುಡಿ ಹೊಡೆದು ತುಕ್ಕು, ಪೈಂಟ್ ಉದುರಿಸುವುದು. ಬೈಕಂಪಾಡಿಯ ಒಂದು ವರ್ಕ್‌ಶಾಪಿನಲ್ಲಿ ಕೇಳಿದರೆ, ಒಂದು ಸ್ಟ್ಯಾಂಡಿಗೋಸ್ಕರ ಮೆಷಿನ್ ಶುರು ಮಾಡಲಿಕ್ಕೆ ಆಗುವುದಿಲ್ಲ ಅಂದರು. ಸರಿ, ಸಾವಿರ ರೂಪಾಯಿಯೊಳಗಿನ ಒಂದು ಬ್ಲಾಸ್ಟಿಂಗ್ ಗನ್ ತರಿಸಿದೆ. ಟ್ರಿಗರ್, ಸೆರಾಮಿಕ್ ನಾಝಲ್, ಬಕೆಟಿನಿಂದ ಪುಡಿ ಎಳೆಯಲು ಒಂದು ಪೈಪು, ಅಷ್ಟೇ. 2 ಎಚ್‌ಪಿ, 50 ಲೀಟರ್ ಟ್ಯಾಂಕಿನ ಕಂಪ್ರೆಸರ್ ಮೊದಲೇ ಇತ್ತು.

“ಮರಳು ಬೀಚಿನಲ್ಲಿ ಬೇಕಾದಷ್ಟು ಉಂಟಲ್ಲ ಮಾರಾಯ್ರೇ,” ಅಂದರು ಪಕ್ಕದ ಮನೆಯವರು. ಹೆಸರೇ ಸ್ಯಾಂಡ್‌ಬ್ಲಾಸ್ಟಿಂಗ್, ಆದರೆ ಮರಳು ಮಾತ್ರ ಬೇಡ. ಕಡಲ ಮರಳಿನ ಉಪ್ಪು ಕಬ್ಬಿಣಕ್ಕೇ ಅಂಟುತ್ತದೆ. ಹೊಳೆ ಮರಳಾದರೂ ಅಷ್ಟೇ, ಒಡೆದಾಗ ಏಳುವ ಸಿಲಿಕಾ ಧೂಳು ಶ್ವಾಸಕೋಶದಲ್ಲಿ ಕೂತರೆ ಸಿಲಿಕೋಸಿಸ್. ಅದನ್ನು ವಾಸಿ ಮಾಡುವ ಮದ್ದಿಲ್ಲ. ನಾನು 80 ಮೆಶ್ (ಜರಡಿಯ ಅಳತೆ) ಗಾರ್ನೆಟ್, ಅಂದರೆ ಒಂದು ಗಟ್ಟಿ ಖನಿಜದ ಪುಡಿ, 25 ಕೆಜಿ ಚೀಲ ತಂದೆ. ಅದಕ್ಕೂ ಮಾಸ್ಕ್ ಬೇಕೇ ಬೇಕು. ಹಳೇ ಪೈಂಟಿನಲ್ಲಿ ಸೀಸ ಇರಬಹುದು, ಅಲ್ವಾ? ಕರ್ಚೀಫ್ ಕಟ್ಟಿಕೊಂಡರೆ ಸಾಲದು, ಫಿಲ್ಟರ್ ಇರುವ ರಬ್ಬರ್ ಮಾಸ್ಕೇ ತೆಗೆದುಕೊಂಡೆ. ಗನ್‌ಗಿಂತ ಅದಕ್ಕೇ ಜಾಸ್ತಿ ದುಡ್ಡಾಯಿತು.

ಮೊದಲ ಭಾನುವಾರ ಪೂರ್ತಿ ಹಾಳು. ಟ್ರಿಗರ್ ಒತ್ತಿದೆ, ಒಂದು ನಿಮಿಷ ಚೆನ್ನಾಗಿ ಬಂತು, ಆಮೇಲೆ ಬರೀ ಗಾಳಿ. ನಾಝಲ್ ಬಿಚ್ಚಿದರೆ ಒಳಗೆ ಒದ್ದೆ ಗಾರ್ನೆಟ್ಟಿನ ಉಂಡೆ. ಚುಚ್ಚಿ ತೆಗೆದೆ, ಮತ್ತೆ ಕಟ್ಟಿತು. ಗನ್ನಿಗೆ ಬೈದದ್ದೇ ಬೈದದ್ದು. ಸಂಜೆ ಕಂಪ್ರೆಸರಿನ ತಳದ ಡ್ರೇನ್ ತಿರುಗಿಸಿದಾಗ ಚಹಾ ಬಣ್ಣದ ನೀರು ಬುಸ್ಸೆಂದು ಬಂತು, ಒಂದು ಲೋಟದಷ್ಟು. ನಮ್ಮ ಕರಾವಳಿಯ ಗಾಳಿಯಲ್ಲಿ ನೀರೇ ಅಷ್ಟಿದೆ. ಕಂಪ್ರೆಸರ್ ಒತ್ತಿದಾಗ ಬಿಸಿಯಾದ ಗಾಳಿ ತಣಿಯುತ್ತಾ ಆ ನೀರನ್ನು ಬಿಡುತ್ತದೆ.

ಗಾಳಿಯಿಂದ ನೀರು ಹಿಡಿಯುವ ಫಿಲ್ಟರ್ ತಂದು ಕಂಪ್ರೆಸರಿನ ಬಾಯಿಗೇ ಹಾಕಿದೆ. ಅದೂ ತಪ್ಪು. ಅಲ್ಲಿ ಗಾಳಿ ಇನ್ನೂ ಬಿಸಿ, ನೀರು ಆವಿಯಾಗಿಯೇ ದಾಟಿ ಹೋಗುತ್ತದೆ. ಕೊನೆಗೆ 10 ಮೀಟರ್ ಹೋಸನ್ನು ಸುತ್ತಿ ತಣ್ಣೀರಿನ ಬಕೆಟಿನಲ್ಲಿ ಮುಳುಗಿಸಿ, ಅದರಾಚೆ ಫಿಲ್ಟರ್ ಇಟ್ಟೆ. ಫಿಲ್ಟರಿನ ಬಟ್ಟಲಲ್ಲಿ ನೀರು ಕಾಣಿಸಿತು, ಗನ್ ಕಟ್ಟುವುದು ನಿಂತಿತು. ಗಾರ್ನೆಟ್ಟನ್ನೂ ತಗಡಿನ ಮೇಲೆ ಹರವಿ ಬಿಸಿಲಿಗಿಟ್ಟೆ. ಪಕ್ಕದಲ್ಲೇ ಹಲಸಿನ ಹಪ್ಪಳ ಒಣಗಿಸುತ್ತಿದ್ದ ಅಮ್ಮ, “ಎಂತ ಮಾರಾಯ, ಇದು ನಿನ್ನ ಹಪ್ಪಳವಾ?” ಅಂದರು.

ಮುಂದಿನ ಕೆಲಸ ನಿಧಾನ, ಆದರೆ ಸಲೀಸು. ಮೊದಲು ಸೀಮೆಎಣ್ಣೆಯಲ್ಲಿ ಜಿಡ್ಡು ತೊಳೆದೆ, ಬೇರಿಂಗ್ ಜಾಗಕ್ಕೆಲ್ಲ ಸೈಕಲ್ ಟ್ಯೂಬಿನ ತುಂಡು ಸುತ್ತಿದೆ. ರಬ್ಬರಿಗೆ ಗಾರ್ನೆಟ್ ಬಡಿದರೆ ಪುಟಿಯುತ್ತದೆ, ಬೇಗ ಸವೆಯುವುದಿಲ್ಲ. ಟಾರ್ಪಾಲಿನ ಮರೆಯೊಳಗೆ ಅರ್ಧ ನಿಮಿಷ ಹೊಡೆಯುವುದು, ಪ್ರೆಷರ್ 4 ಬಾರ್‌ಗೆ ಇಳಿದರೆ ಎರಡು ಮೂರು ನಿಮಿಷ ಕಾಯುವುದು. ಉದುರಿದ್ದನ್ನು ಜರಡಿ ಹಿಡಿದು ಮತ್ತೆ ಬಕೆಟಿಗೆ. ಬಳ್ಳಿಯ ಎಲೆಗಳಲ್ಲಿ ಕೂದಲೆಳೆಯಂಥ ನರಗಳಿದ್ದವು. ಇಷ್ಟು ವರ್ಷ ಪೈಂಟಿನಡಿ ಮುಚ್ಚಿಹೋಗಿದ್ದರಿಂದ ಮನೆಯಲ್ಲಿ ಯಾರಿಗೂ ಗೊತ್ತೇ ಇರಲಿಲ್ಲ.

ಒಂದು ಕಾಲು ಮುಗಿಸಿ, ನಾಳೆ ಪ್ರೈಮರ್ ಹೊಡೆದರಾಯಿತು ಅಂತ ಸುಮ್ನೆ ಒಳಗೆ ಹೋದೆ. ಬೆಳಿಗ್ಗೆ ನೋಡಿದರೆ ಬೂದು ಕಬ್ಬಿಣದ ಮೇಲೆ ಅರಿಶಿನ-ಕೆಂಪು ಪೊರೆ. ಬರಿಗೈಯಲ್ಲಿ ಹಿಡಿದಲ್ಲಿ ನನ್ನ ಐದು ಬೆರಳು ಅಚ್ಚೊತ್ತಿದಂತೆ ತುಕ್ಕು! ಮತ್ತೆ ಹೊಡೆದೆ. ಆಮೇಲೆ ಕೈಗವಸು ಹಾಕಿಯೇ ಮುಟ್ಟಿದ್ದು. ಮಧ್ಯಾಹ್ನದೊಳಗೆ ಬ್ಲಾಸ್ಟಿಂಗ್ ಮುಗಿಸಿ, ಗಾಳಿ ಊದಿ, ತಿನ್ನರಿನಲ್ಲಿ ಒರೆಸಿ, ಅದೇ ಸಂಜೆ ಝಿಂಕ್ ಫಾಸ್ಫೇಟ್ ಪ್ರೈಮರ್.

ನಾಲ್ಕು ಭಾನುವಾರ ಹಿಡಿಯಿತು. ಸ್ಟ್ಯಾಂಡಿನ ಮೇಲೆ ಈಗ ಗ್ರಾನೈಟ್ ಹಲಗೆ ಇದೆ, ಪೆಡಲ್ ಇನ್ನೂ ಆಡುತ್ತದೆ. ಬಾವಿಯ ರಾಟೆಯೂ ಸಾಲಿನಲ್ಲಿದೆ. ಆದರೆ ಜೂನ್ ಬಂತು, ಗಾರ್ನೆಟ್ ಚೀಲ ಕಟ್ಟಿ ಅಟ್ಟದ ಮೇಲಿಟ್ಟಿದ್ದೇನೆ. ಇನ್ನು ದೀಪಾವಳಿ ಕಳೆದ ಮೇಲೆಯೇ.