ಎಲ್ಲಿ ಇಳಿಯುತ್ತೀರಿ?

ಕಾಸರಗೋಡಿನಿಂದ ಮಂಗಳೂರಿಗೆ ಸುಮಾರು 50 ಕಿಲೋಮೀಟರ್. ಕೆಲಸದ ನಿಮಿತ್ತ 11 ವರ್ಷಗಳಿಂದ ದಿನವೂ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೇನೆ. ವಿಚಿತ್ರ ಮನುಷ್ಯರೆಲ್ಲ ಹುಡುಕಿಕೊಂಡು ಬಂದು ನನ್ನ ಪಕ್ಕದಲ್ಲೇ ಕೂರುತ್ತಾರೆ. ಮೊದಮೊದಲು ನಿದ್ದೆ ಬಂದವನಂತೆ ನಟಿಸುತ್ತಿದ್ದೆ. ತಟ್ಟಿ ಎಬ್ಬಿಸಿ ಮಾತಾಡುತ್ತಿದ್ದರು. ಕೊನೆಗೆ ನನಗೆ ಒದಗಿದ ಉಪಾಯ ಒಂದೇ: ಅವರು ಬಾಯಿ ತೆರೆಯುವ ಮೊದಲು ನಾನೇ "ಎಲ್ಲಿ ಇಳಿಯುತ್ತೀರಿ?" ಎಂದು ಕೇಳುವುದು. ಹತ್ತಿರದ ಕುಂಬಳೆ ಎಂದರೆ ಕಿವಿಗೊಡುತ್ತೇನೆ. ಮಂಗಳೂರು ಎಂದರೆ ಸೀಟು ಬದಲಿಸುತ್ತೇನೆ. ಭಾಷೆ ಯಾವುದೆಂದು ಅಂದಾಜು ಸಿಗದಿದ್ದರೆ ತುಳುವಿನಲ್ಲಿ ಕೇಳುವುದು ಕ್ಷೇಮ.

ಒಬ್ಬರಿದ್ದರು, ಕಂಡಕ್ಟರ್ ಊರಿನ ಹೆಸರು ಕೂಗಿದಾಗಲೆಲ್ಲ ತಿದ್ದುವವರು. "ಮಂಜೇಶ್ವರಂ ಅಲ್ಲ, ಮಂಜೇಶ್ವರ. ಗೋವಿಂದ ಪೈಗಳ ಊರಿಗೆ ಬಾಲ ಯಾಕೆ?" ಕುಂಬಳೆಯನ್ನು ಆತ ಮಲಯಾಳದ ರೀತಿಯಲ್ಲಿ ಕುಂಬಳ ಎಂದರೆ ಮುಗಿಯಿತು: "ಅದು ಸಾಂಬಾರಿಗೆ ಹಾಕುವುದು!" 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಸಿಟ್ಟನ್ನು ಪಾಪದ ಕಂಡಕ್ಟರನ ಮೇಲೆ ತೀರಿಸಿಕೊಳ್ಳುತ್ತಿದ್ದರು. ಆತ ಮಾತ್ರ ನಗುತ್ತ ಚಿಲ್ಲರೆ ಎಣಿಸುತ್ತಿದ್ದ.

ಮರೆಯಲಾಗದವರು ನಾಣ್ಯದ ಅಜ್ಜ. ಕಿಟಕಿಯ ಪಕ್ಕದಲ್ಲಿದ್ದ ನನ್ನ ಕೈಗೆ ಒಂದು ರೂಪಾಯಿಯ ನಾಣ್ಯವಿಟ್ಟು, "ಮೊಗ್ರಾಲ್ ಹೊಳೆ ಬಂತು ಮಾಷ್ಟ್ರೇ, ಹಾಕಿ" ಎಂದರು. (ನಾನು ಮಾಷ್ಟ್ರಲ್ಲ. ಕನ್ನಡಕವೂ ಚೀಲವೂ ಇದ್ದರೆ ನಮ್ಮಲ್ಲಿ ಎಲ್ಲರೂ ಮಾಷ್ಟ್ರೇ.) ಹಾಕಿದೆ. ಕುಂಬಳೆ ಹೊಳೆಗೆ ಇನ್ನೊಂದು, ಶಿರಿಯ ಹೊಳೆಗೆ ಮತ್ತೊಂದು. ಹೆದ್ದಾರಿ ಷಟ್ಪಥವಾದ ಮೇಲೆ ಹೊಳೆ ಬಂದದ್ದೇ ತಿಳಿಯುವುದಿಲ್ಲ. ನಮ್ಮ ಒಂದು ನಾಣ್ಯ ಕಾಂಕ್ರೀಟಿನ ತಡೆಗೋಡೆಗೆ ಬಡಿದು ಠಣ್ಣೆಂದಿತು. ಅಜ್ಜ ಬೇಸರಿಸದೆ ಬದಲಿ ನಾಣ್ಯ ತೆಗೆದರು. ಬಂದ್ಯೋಡಿನಲ್ಲಿ ಇಳಿಯುವ ಮುಂಚೆ ಇನ್ನೂ ಮೂರು ನಾಣ್ಯ ಕೊಟ್ಟರು: ಉಪ್ಪಳ, ಮಂಜೇಶ್ವರ, ನೇತ್ರಾವತಿ.

"ನೀವು ಇಲ್ಲೇ ಇಳಿಯುತ್ತೀರಲ್ಲ ಅಜ್ಜ?"

"ನೀವು ದಾಟುತ್ತೀರಲ್ಲ."

ಉಪ್ಪಳಕ್ಕೂ ಮಂಜೇಶ್ವರಕ್ಕೂ ಸಲ್ಲಬೇಕಾದದ್ದು ಸಂದಿತು. ತಲಪಾಡಿಯ ಗಡಿ ದಾಟಿದ ಮೇಲೆ, ಅಷ್ಟು ವರ್ಷ ನಟಿಸಿದ ನಿದ್ದೆ ಅಂದು ನಿಜವಾಗಿಯೇ ಬಂತು. ಎಚ್ಚರವಾದಾಗ ಮಂಗಳೂರಿನ ಪಂಪುವೆಲ್. ನೇತ್ರಾವತಿಯ ನಾಣ್ಯ ಜೇಬಿನಲ್ಲೇ ಉಳಿದಿತ್ತು. ಇಡೀ ದಿನ ಕೆಲಸದ ನಡುವೆ ಅದನ್ನು ಮುಟ್ಟಿ ನೋಡಿಕೊಂಡೆ. ಕೊಟ್ಟ ಕೆಲಸ ಮಾಡದವನ ಮುಜುಗರ.

ಸಂಜೆಯ ಬಸ್ಸಿನಲ್ಲಿ ಕಿಟಕಿಯ ಸೀಟು ಸಿಗಲಿಲ್ಲ. ಅಲ್ಲಿ ಕಿವಿಗೆ ಇಯರ್‌ಫೋನ್ ಹಾಕಿಕೊಂಡ ಕಾಲೇಜಿನ ಹುಡುಗಿ ಕುಳಿತಿದ್ದಳು. ಸೇತುವೆ ಹತ್ತಿರವಾಗುತ್ತಿತ್ತು. ನಾಣ್ಯ ಮುಂದೆ ಹಿಡಿದು, "ಇದನ್ನು ಸ್ವಲ್ಪ ಹೊಳೆಗೆ ಹಾಕುತ್ತೀಯಾ ಮಗಳೇ?" ಎಂದೆ. ಅವಳು ಇಯರ್‌ಫೋನ್ ತೆಗೆದಳು. ನಾಣ್ಯವನ್ನೂ ನನ್ನನ್ನೂ ನೋಡಿದಳು.

"ನೀವು ಎಲ್ಲಿ ಇಳಿಯುತ್ತೀರಿ?" ಎಂದು ಕೇಳಿದಳು.