ಅಜ್ಜಿಯ ಚೀಟಿ, ಪ್ಯಾರಿಷ್‌ನ ಹಳೇ ಪುಸ್ತಕಗಳು

ಇಂಗ್ಲೆಂಡಿನ ವಿಲ್ಟ್‌ಶೈರ್ ಕೌಂಟಿಯ (ಅಂದರೆ ಜಿಲ್ಲೆಯ) ಈ ಹಳ್ಳಿಗೆ ನಾವು ಬಂದ ಮೊದಲ ಚಳಿಗಾಲದಲ್ಲಿ ಪಕ್ಕದ ಮನೆಯ ಅಜ್ಜಿ ನನ್ನ ಕೈಗೊಂದು ಚೀಟಿ ಕೊಟ್ಟರು. ಅವರ ಮುತ್ತಜ್ಜನ ತಂದೆಯ ಹೆಸರು, 1841ರ ಜನಗಣತಿ, ಹೊಲದ ಕೂಲಿಯಾಳು, ವಯಸ್ಸು 25. ಅಷ್ಟೇ. "ಇವರು ಯಾರ ಮಗ, ಈ ಊರಿಗೆ ಯಾಕೆ ಬಂದರು ಅಂತ ನಮ್ಮಪ್ಪನಿಗೂ ಗೊತ್ತಿರಲಿಲ್ಲ" ಅಂದರು. ಊರಿನ ನಮ್ಮ ಮನೆಗೆ ಹೆಳವರು ಬಂದು ತಲೆಮಾರುಗಳನ್ನು ಹೇಳಿ ಹೋಗುವುದನ್ನು ಕೇಳಿ ಬೆಳೆದವನು ನಾನು. ಹುಡುಕಿಕೊಡಲಾರೆ ಅನ್ನಲು ಬಾಯಿ ಬರಲಿಲ್ಲ.

ಇಂಗ್ಲೆಂಡಿನ ಚರ್ಚುಗಳು ದೀಕ್ಷಾಸ್ನಾನ, ಮದುವೆ, ಸಮಾಧಿ ಇವನ್ನು ಬರೆದಿಡಬೇಕೆಂಬ ಆಜ್ಞೆ ಹೊರಟಿದ್ದು 1538ರಲ್ಲಿ. ಆ ಪುಸ್ತಕಗಳು ಈಗ ಹೆಚ್ಚಾಗಿ ಕೌಂಟಿಯ ದಾಖಲೆ ಕಚೇರಿಯಲ್ಲಿವೆ, ನಮ್ಮದು ಚಿಪ್ಪನಮ್‌ನಲ್ಲಿ. ಪೆನ್ ಒಳಗೆ ಬಿಡುವುದಿಲ್ಲ, ಪೆನ್ಸಿಲ್ ಮಾತ್ರ. ನಮ್ಮ ಪ್ಯಾರಿಷ್‌ನಲ್ಲಿ, ಅಂದರೆ ನಮ್ಮ ಚರ್ಚಿಗೆ ಸೇರಿದ ಊರಿನ ವ್ಯಾಪ್ತಿಯಲ್ಲಿ, ಅದೇ ಹೆಸರಿನ ಮಗುವಿಗೆ 1813ರಲ್ಲಿ ದೀಕ್ಷಾಸ್ನಾನ ಆಗಿತ್ತು. 1841ರಲ್ಲಿ ಹದಿನೈದು ದಾಟಿದವರ ವಯಸ್ಸನ್ನು ಐದರ ಲೆಕ್ಕಕ್ಕೆ ಇಳಿಸಿ ಬರೆಯಬೇಕೆಂಬ ಸೂಚನೆ ಇತ್ತು. 25 ಅಂದರೆ 29ರವರೆಗೂ ಆದೀತು. ಸರಿಹೊಂದಿತು ಅಂದುಕೊಂಡೆ.

ಅಲ್ಲಿಂದ ಮೂರು ತಲೆಮಾರು ಹಿಂದಕ್ಕೆ ಹೋದೆ. ಒಂದು ಕಡೆ ಮದುವೆ 1738ರ ಏಪ್ರಿಲ್, ಚೊಚ್ಚಲ ಮಗುವಿನ ದೀಕ್ಷಾಸ್ನಾನ 1738ರ ಫೆಬ್ರವರಿ ಎಂದಿತ್ತು. ಮಗು ಮೊದಲು ಹುಟ್ಟಿತೇ? ಇಲ್ಲ. 1752ಕ್ಕೆ ಮುಂಚೆ ಇಲ್ಲಿ ಹೊಸ ವರ್ಷ ಶುರುವಾಗುತ್ತಿದ್ದುದು ಮಾರ್ಚ್ 25ಕ್ಕೆ. ಆ ಫೆಬ್ರವರಿ ನಮ್ಮ ಲೆಕ್ಕದಲ್ಲಿ 1739. ಇದನ್ನು ಬಿಡಿಸಿದ ದಿನ ರಾತ್ರಿಯೆಲ್ಲ ನಿದ್ದೆ ಬರಲಿಲ್ಲ, ಅಷ್ಟು ಖುಷಿ.

ಆದರೆ ಸಮಾಧಿ ಪುಸ್ತಕ ನೋಡಿರಲಿಲ್ಲ. ತಿಂಗಳಾದ ಮೇಲೆ ತೆರೆದೆ. 1813ರಿಂದ ಅದು ಅಚ್ಚಾದ ನಮೂನೆ. ಹೆಸರು, ವಾಸ, ವಯಸ್ಸು ಎಲ್ಲಕ್ಕೂ ಅಂಕಣವಿದೆ. ಅದೇ ಹೆಸರು, ಅದೇ ಕೇರಿ, ವಯಸ್ಸು ಐದು ತಿಂಗಳು. ನಾನು ಅಜ್ಜಿಯ ಪೂರ್ವಜ ಅಂದುಕೊಂಡಿದ್ದ ಮಗು ಮಾತು ಕಲಿಯುವ ಮೊದಲೇ ತೀರಿಹೋಗಿತ್ತು. ಕಟ್ಟಿದ ವಂಶವೃಕ್ಷವೆಲ್ಲ ಬೇರೆಯವರ ಮನೆಯದು. ಅವತ್ತಿನಿಂದ ಯಾವ ಮಗುವನ್ನೂ ಸಮಾಧಿ ಪುಸ್ತಕದಲ್ಲಿ ಹುಡುಕದೆ ವಂಶಕ್ಕೆ ಸೇರಿಸುವುದಿಲ್ಲ.

1851ರ ಜನಗಣತಿಯನ್ನೇ ಮೊದಲು ನೋಡಬೇಕಿತ್ತು. 1841ರ ಗಣತಿಯಲ್ಲಿ, ಹುಟ್ಟಿದ್ದು ಇದೇ ಕೌಂಟಿಯೋ ಅಲ್ಲವೋ ಎಂದಷ್ಟೇ ಇರುತ್ತದೆ. 1851ರಲ್ಲಿ ಪ್ಯಾರಿಷ್‌ನ ಹೆಸರೇ ಇರುತ್ತದೆ. ಇತ್ತು ಕೂಡ: ಪಕ್ಕದ ಪ್ಯಾರಿಷ್. ಅಲ್ಲಿ 1815ರ ದೀಕ್ಷಾಸ್ನಾನ ಸಿಕ್ಕಿತು, ತಂದೆ-ತಾಯಿಯ ಹೆಸರೂ ಸಿಕ್ಕಿತು.

ಹಾಗಾದರೆ ಈ ಊರಿಗೆ ಯಾಕೆ ಬಂದರು? ಉತ್ತರ ಇದ್ದದ್ದು ಬಡವರ ಲೆಕ್ಕಪತ್ರಗಳ ಕಟ್ಟಿನಲ್ಲಿ. ಆಗ ಬಡವರನ್ನು ಸಾಕುವ ಹೊಣೆ ಪ್ಯಾರಿಷ್‌ನದು. ಹೊರಗಿನವರು ಕಷ್ಟಕ್ಕೆ ಬಿದ್ದರೆ, 1662ರ ಕಾಯ್ದೆಯ ಪ್ರಕಾರ, ಅವರಿಗೆ ನೆರವು ಪಡೆಯುವ ಹಕ್ಕಿರುವ ಪ್ಯಾರಿಷ್‌ಗೆ ಸಾಗಹಾಕುತ್ತಿದ್ದರು. ಅದಕ್ಕೆ ಮುಂಚೆ ಇಬ್ಬರು ಮ್ಯಾಜಿಸ್ಟ್ರೇಟರ ಎದುರು ಹೇಳಿಕೆ. 1815ರ ಆ ಮಗುವಿನ ತಂದೆಯ ಹೇಳಿಕೆ ಒಂದೇ ಹಾಳೆ: ಮದುವೆಗೆ ಮುಂಚೆ ನಮ್ಮ ಹಳ್ಳಿಯ ರೈತನೊಬ್ಬನ ಬಳಿ ಸೆಪ್ಟೆಂಬರ್ 29ರ ಮೈಕಲ್‌ಮಸ್ ಹಬ್ಬದಿಂದ ಮುಂದಿನ ಮೈಕಲ್‌ಮಸ್‌ವರೆಗೆ ಆಳಾಗಿ ಕೆಲಸಕ್ಕಿದ್ದೆ, ಪೂರ್ತಿ ಸಂಬಳ ತೆಗೆದುಕೊಂಡೆ. ಮದುವೆಯಾಗದವನು ಪೂರ್ತಿ ಒಂದು ವರ್ಷ ದುಡಿದರೆ ಆ ಪ್ಯಾರಿಷ್‌ನ ಹಕ್ಕು ಅವನಿಗೆ ಬರುತ್ತಿತ್ತು. ಅದನ್ನು ತಪ್ಪಿಸಲೆಂದೇ ಕೆಲವು ರೈತರು 51 ವಾರಕ್ಕೆ ಆಳಿಡುತ್ತಿದ್ದರು. ಈತನ ಧಣಿ ಹಾಗೆ ಮಾಡಿರಲಿಲ್ಲ. ಆ ಒಂದು ವಾರದಿಂದಾಗಿ ಹೆಂಡತಿ ಮಕ್ಕಳ ಸಮೇತ ಆತನನ್ನು ಇಲ್ಲಿಗೆ ಕಳಿಸಿದರು. ಅಜ್ಜಿಯ ಮನೆತನ ಇಲ್ಲೇ ಉಳಿಯಿತು.

ಕೆಳಗೆ ಸಹಿಯ ಜಾಗದಲ್ಲಿ ಒಂದು ಅಡ್ಡಗೀಟಿನ ಗುರುತು. ಶಾಯಿ ಒಂದು ತುದಿಯಲ್ಲಿ ದಪ್ಪವಾಗಿ ಹರಡಿದೆ, ಲೇಖನಿ ಹಿಡಿದು ಅಭ್ಯಾಸವಿಲ್ಲದ ಕೈ. ನಕಲು ತಂದು ಓದಿ ಹೇಳಿದೆ. ಅಜ್ಜಿ ಕನ್ನಡಕ ಹಾಕಿಕೊಂಡು ಆ ಗುರುತನ್ನೇ ನೋಡುತ್ತ ಕೂತರು. ಆಮೇಲೆ, "ಇವನ ಹೆಂಡತಿ ಎಲ್ಲಿಯವಳು?" ಅಂದರು. ಮುಂದಿನ ಮಂಗಳವಾರ ಮತ್ತೆ ಚಿಪ್ಪನಮ್‌ಗೆ ಹೋಗುತ್ತಿದ್ದೇನೆ.